ಕಾರ್ವರರ ಬಂಡಿಯೂ ಸಾಹುಕಾರನ ಖಾತೆಯೂ

ಅಮೆರಿಕದ ಕೃಷಿವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಹೆಸರು ನಮ್ಮ ಓದುಗರಲ್ಲಿ ಹಲವರ ಕಿವಿಗೆ ಬಿದ್ದಿರಬಹುದು. ಮಕ್ಕಳ ಪುಸ್ತಕಗಳಲ್ಲಿ, ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವ ಭಾಷಣಗಳಲ್ಲಿ ಈ ಮಹನೀಯರ ಕಥೆ ಒಂದೇ ಅಚ್ಚಿನಲ್ಲಿ ಬರುತ್ತದೆ. ಗುಲಾಮ ತಾಯಿಯ ಮಗನಾಗಿ ಹುಟ್ಟಿದರು, ಕಷ್ಟಪಟ್ಟು ಓದಿದರು, ಕಡಲೆಕಾಯಿಯಿಂದ ಮುನ್ನೂರು ಬಗೆಯ ಪದಾರ್ಥಗಳನ್ನು ಮಾಡಿ ತೋರಿಸಿದರು, ಬಡ ರೈತರು ಉದ್ಧಾರವಾದರು. ಈ ನಾಲ್ಕು ಮಾತುಗಳಲ್ಲಿ ಮೊದಲ ಎರಡು ಪೂರ್ತಿ ನಿಜ. ಮೂರನೆಯದು ಅರ್ಧ ನಿಜ. ನಾಲ್ಕನೆಯದು ಆಗಲೇ ಇಲ್ಲ. ಏಕೆ ಆಗಲಿಲ್ಲ ಎಂಬುದನ್ನು ಸಹಕಾರ ಸಂಘದ ಸದಸ್ಯರಾದ ನಾವು ಸ್ವಲ್ಪ ನಿಧಾನವಾಗಿ ಕುಳಿತು ಯೋಚಿಸಬೇಕೆಂದು ನನಗೆ ತೋರುತ್ತದೆ. ಈ ಲೇಖನದ ಉದ್ದೇಶ ಅಷ್ಟೇ.

ಮೊದಲು ಮನುಷ್ಯನ ವಿಚಾರ. ಕಾರ್ವರ್ ಹುಟ್ಟಿದ್ದು ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಹತ್ತಿರ, ಸುಮಾರು 1864ರಲ್ಲಿ. ‘ಸುಮಾರು’ ಎನ್ನಲು ಕಾರಣವಿದೆ. ಗುಲಾಮರ ಮಕ್ಕಳು ಹುಟ್ಟಿದ ದಿನವನ್ನು ಬರೆದಿಡುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಕೂಸಾಗಿದ್ದಾಗಲೇ ಇವರನ್ನೂ ತಾಯಿ ಮೇರಿಯನ್ನೂ ದರೋಡೆಕೋರರು ಹೊತ್ತೊಯ್ದರು. ಮಗು ಮರಳಿ ಸಿಕ್ಕಿತು, ತಾಯಿ ಸಿಗಲಿಲ್ಲ. ಒಡೆಯರಾಗಿದ್ದ ಮೋಸೆಸ್ ಮತ್ತು ಸೂಸನ್ ಕಾರ್ವರ್ ದಂಪತಿಗಳೇ ಹುಡುಗನನ್ನು ಸಾಕಿದರು. ಮೈಯಲ್ಲಿ ಶಕ್ತಿ ಸಾಲದ ಹುಡುಗ, ಹೊಲದ ದುಡಿಮೆಗೆ ಆಗುತ್ತಿರಲಿಲ್ಲ. ಮನೆಗೆಲಸ, ಬಟ್ಟೆ ಒಗೆಯುವುದು, ಹೊಲಿಗೆ, ಉಳಿದ ಹೊತ್ತಿನಲ್ಲಿ ಕಾಡು ಸುತ್ತಿ ಗಿಡ ತಂದು ನೆಡುವುದು. ಬಾಡಿದ ಗಿಡಗಳನ್ನು ಬದುಕಿಸುತ್ತಾನೆಂದು ಸುತ್ತಲಿನವರು ಗಿಡದ ವೈದ್ಯನೆಂದು ಕರೆಯುತ್ತಿದ್ದರಂತೆ.

ಶಾಲೆಗಾಗಿ ಊರೂರು ತಿರುಗಿದರು. ನಿಯೋಶೋ ಎಂಬ ಪಟ್ಟಣದಲ್ಲಿ ಕಪ್ಪು ಮಕ್ಕಳಿಗೆ ಒಂದು ಶಾಲೆಯಿತ್ತು. ಅಲ್ಲಿ ಮರಾಯಾ ವಾಟ್ಕಿನ್ಸ್ ಎಂಬಾಕೆ ಇವರಿಗೆ ಅನ್ನ, ಆಸರೆ ಎರಡೂ ಕೊಟ್ಟರು. ಮುಂದೆ ಕನ್ಸಾಸ್ ರಾಜ್ಯ. 1879ರಲ್ಲಿ ಫೋರ್ಟ್ ಸ್ಕಾಟ್ ಎಂಬಲ್ಲಿ ಒಬ್ಬ ಕಪ್ಪು ಮನುಷ್ಯನನ್ನು ಜನರ ಗುಂಪು ಕೊಂದದ್ದನ್ನು ಕಣ್ಣಾರೆ ಕಂಡು ಆ ಊರು ಬಿಟ್ಟರು. ಹೈಲ್ಯಾಂಡ್ ಕಾಲೇಜು ಅರ್ಜಿ ನೋಡಿ ಪ್ರವೇಶ ಕೊಟ್ಟಿತ್ತು, ಮನುಷ್ಯನನ್ನು ನೋಡಿ ಹಿಂದಕ್ಕೆ ಕಳಿಸಿತು. ಆಮೇಲೆ ಕೆಲಕಾಲ ಬಯಲು ಸೀಮೆಯಲ್ಲಿ ಹುಲ್ಲುಹೆಂಟೆಯ ಮನೆ ಕಟ್ಟಿಕೊಂಡು ಒಂಟಿಯಾಗಿ ಬೇಸಾಯ ಮಾಡಿದರು. 1890ರಲ್ಲಿ, ಇಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜು ಸೇರಿದರು. ಓದಲು ಹೋದದ್ದು ಚಿತ್ರಕಲೆ ಮತ್ತು ಪಿಯಾನೋ! ಇವರು ಹೂಗಿಡಗಳನ್ನು ಬಿಡಿಸುವ ರೀತಿ ಕಂಡ ಅಧ್ಯಾಪಿಕೆ ಎಟ್ಟಾ ಬಡ್, ಚಿತ್ರದಿಂದ ಕಪ್ಪು ಮನುಷ್ಯನಿಗೆ ಹೊಟ್ಟೆ ತುಂಬುವುದು ಕಷ್ಟ, ಸಸ್ಯಶಾಸ್ತ್ರ ಓದು ಎಂದು ಏಮ್ಸ್‌ನ ಕೃಷಿ ಕಾಲೇಜಿಗೆ ದಾರಿ ತೋರಿದರು. ಅವರ ತಂದೆ ಅಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರು.

ಏಮ್ಸ್‌ನಲ್ಲಿ ಕಾರ್ವರ್ ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ, ನಡುವೆ ಅಲ್ಲಿಯೇ ಬೋಧಕ ವೃತ್ತಿ. ಗುರುಗಳು ಲೂಯಿ ಪ್ಯಾಮೆಲ್. ವಿಷಯ ಶಿಲೀಂಧ್ರಗಳು ಮತ್ತು ಸಸ್ಯರೋಗಗಳು. ಕಾಫಿಯ ಎಲೆತುಕ್ಕು ಕಂಡವರಿಗೆ ಈ ವಿದ್ಯೆಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಶಿಲೀಂಧ್ರ ಹುಡುಕುವುದರಲ್ಲಿ ಕಾರ್ವರರ ಕಣ್ಣು ಅಸಾಧಾರಣವಾಗಿತ್ತೆಂದು ಬಲ್ಲವರು ಹೇಳುತ್ತಾರೆ. ಅವರ ಹೆಸರಿನಲ್ಲಿಯೇ ಟ್ಯಾಫ್ರಿನಾ ಕಾರ್ವೆರಿ ಎಂಬ ಒಂದು ಶಿಲೀಂಧ್ರವಿದೆ. 1935ರಲ್ಲಿ ಅಮೆರಿಕದ ಕೇಂದ್ರ ಕೃಷಿ ಇಲಾಖೆ ತನ್ನ ಸಸ್ಯರೋಗ ಸಮೀಕ್ಷೆಗೆ ಅವರನ್ನು ಸಹಯೋಗಿಯಾಗಿ ನೇಮಿಸಿಕೊಂಡದ್ದು ಈ ಕಾರಣಕ್ಕೇ. ಕಡಲೆಕಾಯಿಯ ಗದ್ದಲದಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ.

ಅಯೋವಾದಲ್ಲಿಯೇ ಉಳಿದಿದ್ದರೆ ಸಸ್ಯರೋಗ ಶಾಸ್ತ್ರದಲ್ಲಿ ದೊಡ್ಡ ಹೆಸರಾಗುತ್ತಿದ್ದರೇನೋ. ಆದರೆ 1896ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಕಪ್ಪು ಜನರ ಶಿಕ್ಷಣ ಸಂಸ್ಥೆ ನಡೆಸುತ್ತಿದ್ದ ಬೂಕರ್ ಟಿ. ವಾಷಿಂಗ್ಟನ್ ಕರೆ ಕಳಿಸಿದರು. ಕಾರ್ವರ್ ಹೋದರು. 1943ರ ಜನವರಿ 5ರಂದು ಸಾಯುವವರೆಗೆ ಅಲ್ಲಿಂದ ಕದಲಲಿಲ್ಲ.

ಅಲ್ಲಿ ಅವರನ್ನು ಆನೆ ಅಂಬಾರಿಯಲ್ಲಿ ಮೆರೆಸಿದರೆಂದು ಯಾರೂ ತಿಳಿಯಬೇಡಿ. ವರ್ಷಕ್ಕೆ ಸಾವಿರ ಡಾಲರ್ ಸಂಬಳ, ಒಬ್ಬಂಟಿಗನಿಗೆ ಎರಡು ಕೋಣೆ ಎಂದು ಸಹೋದ್ಯೋಗಿಗಳಿಗೆ ಮೊದಲ ದಿನದಿಂದಲೇ ಹೊಟ್ಟೆಕಿಚ್ಚು. ಎರಡನೆಯ ಕೋಣೆ ಬೇಕಾಗಿದ್ದುದು ಒಣಗಿಸಿದ ಗಿಡಗಳ ಸಂಗ್ರಹಕ್ಕೆ. ಪ್ರಯೋಗಶಾಲೆ ಎಂಬುದೇ ಇರಲಿಲ್ಲ. ಕಸದ ರಾಶಿಯಿಂದ ಬಾಟಲಿ, ಡಬ್ಬಿ, ತಂತಿ ಆರಿಸಿ ತಂದು ಉಪಕರಣ ಮಾಡಿಕೊಂಡರು. ಪಾಠ ಮಾಡುವುದು, ಪ್ರಯೋಗ ಕ್ಷೇತ್ರ ನೋಡುವುದು, ಸಂಸ್ಥೆಯ ಹೊಲ ಮಾಡಿಸುವುದು ಇಷ್ಟು ಸಾಲದೆಂದು ಕೋಳಿಗಳ ಉಸ್ತುವಾರಿಯೂ ಅವರ ತಲೆಗೇ ಬಂತು. ಕೋಳಿ ಲೆಕ್ಕ ಸರಿಹೋಗಲಿಲ್ಲ. ಬೂಕರ್ ವಾಷಿಂಗ್ಟನ್ ಕಾಗದದ ಮೇಲೆ ಕಾಗದ ಬರೆದು ಆಕ್ಷೇಪಿಸುವುದು, ಕಾರ್ವರ್ ರಾಜೀನಾಮೆ ಕೊಡುತ್ತೇನೆನ್ನುವುದು ಹಲವು ವರ್ಷ ನಡೆಯಿತು. ಆಡಳಿತ ಅವರಿಗೆ ಒಗ್ಗಿದ ಕೆಲಸವೇ ಅಲ್ಲ. ಒಳ್ಳೆಯ ವಿಜ್ಞಾನಿಯನ್ನು ಕೋಳಿ ಎಣಿಸಲು ಕೂರಿಸುವ ಆಡಳಿತ ಮಂಡಳಿಗಳು ಎಲ್ಲ ದೇಶಗಳಲ್ಲಿಯೂ ಇವೆ, ಬಿಡಿ.

ಹಣದ ಮಾತು ಇನ್ನೂ ಮುಖ್ಯ. 1887ರ ಹ್ಯಾಚ್ ಕಾಯಿದೆಯ ಪ್ರಕಾರ ಅಮೆರಿಕದ ಕೇಂದ್ರ ಸರಕಾರ ಕೃಷಿ ಸಂಶೋಧನೆಗಾಗಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 15,000 ಡಾಲರ್ ಕೊಡುತ್ತಿತ್ತು. ಅಲಬಾಮಾದಲ್ಲಿ ಅದು ಬಿಳಿಯರ ಆಬರ್ನ್ ಕಾಲೇಜಿನ ಪಾಲು. ಟಸ್ಕೀಗಿಯ ಪ್ರಯೋಗ ಕೇಂದ್ರಕ್ಕೆ 1897ರಲ್ಲಿ ರಾಜ್ಯ ಸರಕಾರ ಮಂಜೂರು ಮಾಡಿದ್ದು ವರ್ಷಕ್ಕೆ 1,500 ಡಾಲರ್. ಹತ್ತರಲ್ಲಿ ಒಂದು ಪಾಲು. ಸಾಹೇಬರ ಪ್ರಯೋಗಕ್ಕೂ ಬಡವರ ಪ್ರಯೋಗಕ್ಕೂ ಇದ್ದ ಅಂತರ ಇಷ್ಟು.

ಈಗ ನೆಲದ ವಿಷಯಕ್ಕೆ ಬರೋಣ. ಟಸ್ಕೀಗಿ ಇರುವ ಮೇಕನ್ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಹತ್ತಿ. ವರ್ಷದ ಮೇಲೆ ವರ್ಷ ಅದೇ ಹೊಲದಲ್ಲಿ ಹತ್ತಿಯನ್ನೇ ಹಾಕಿ ಹಾಕಿ ಮಣ್ಣಿನಲ್ಲಿ ಸತ್ವವೇ ಉಳಿದಿರಲಿಲ್ಲ. ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಇಳಿಜಾರಿನ ಹೊಲಗಳು ಕೊರಕಲು ಬಿದ್ದಿದ್ದವು. ರೈತರಲ್ಲಿ ಬಹುಪಾಲು ಕಪ್ಪು ಗೇಣಿದಾರರು. ಗುಲಾಮಗಿರಿ ಕಾಗದದ ಮೇಲೆ ಹೋಗಿತ್ತು. ನೆಲ ಮಾತ್ರ ಹಳೆಯ ಒಡೆಯರದೇ.

ಮೊದಲ ಕೆಲವು ವರ್ಷ ಕಾರ್ವರರೂ ಏಮ್ಸ್‌ನಲ್ಲಿ ಕಲಿತಂತೆ ಅಂಗಡಿ ಗೊಬ್ಬರಗಳನ್ನು ಬಳಸಿ ಪ್ರಯೋಗ ಮಾಡಿದವರೇ. ಫಲವೇನೋ ಬಂತು. ಆದರೆ ಆ ಗೊಬ್ಬರ ಕೊಳ್ಳುವ ಕಾಸು ಯಾವ ರೈತನ ಬಳಿ ಇದೆ? ಇಲ್ಲಿಂದ ಅವರ ವಿಚಾರ ಬೇರೆ ದಿಕ್ಕಿಗೆ ತಿರುಗಿತು. ನನ್ನ ಅಭಿಪ್ರಾಯದಲ್ಲಿ ಅವರ ಜೀವನದ ಅತಿ ದೊಡ್ಡ ಕೆಲಸ ಇದೇ. ಕೈಯಲ್ಲಿ ಕಾಸಿಲ್ಲದ ರೈತ ತನ್ನ ಸುತ್ತಮುತ್ತ ಪುಕ್ಕಟೆಯಾಗಿ ಸಿಗುವ ವಸ್ತುಗಳಿಂದಲೇ ಮಣ್ಣನ್ನು ಹೇಗೆ ಬದುಕಿಸಬಹುದು ಎಂಬುದೊಂದನ್ನೇ ಹಿಡಿದು ವರ್ಷಗಟ್ಟಲೆ ಕೂತರು. ಕಾಡಿನ ತರಗೆಲೆ, ಜೌಗಿನ ಕಪ್ಪು ಕೆಸರು, ಕೊಟ್ಟಿಗೆಯ ಕಸ, ಇವುಗಳನ್ನು ಪದರ ಪದರವಾಗಿ ಕೊಳೆಸಿ ಗೊಬ್ಬರ ಮಾಡುವುದು. ಹತ್ತಿಯ ಜೊತೆ ಸರದಿಯಲ್ಲಿ ಅಲಸಂದೆ, ಗೆಣಸು, ಕಡಲೆಕಾಯಿ ಹಾಕುವುದು. ಸೊಪ್ಪಿನಬೆಟ್ಟದಿಂದ ದರಗು ಹೊತ್ತು ತಂದು ಅಡಿಕೆ ಬುಡಕ್ಕೆ ಹಾಕುವ ನಮ್ಮ ಜನರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಅಲ್ಲಿ ಆ ಪರಂಪರೆ ಇರಲಿಲ್ಲ. ಕಾಡಿನ ಎಲೆಯನ್ನು ಸುಡುತ್ತಿದ್ದರು, ಹೊಲಕ್ಕೆ ಸಾಲ ತಂದು ಗೊಬ್ಬರ ಸುರಿಯುತ್ತಿದ್ದರು.

ಅಲಸಂದೆ, ಕಡಲೆಕಾಯಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಅದರ ಒಂದು ಭಾಗ ಮಣ್ಣಿಗೂ ಸೇರುತ್ತದೆ ಎಂಬುದು ಆಗ ವಿಜ್ಞಾನಿಗಳಿಗೆ ತಿಳಿದಿದ್ದ ಸಂಗತಿ. ಅದನ್ನು ಕಾರ್ವರ್ ಕಂಡುಹಿಡಿಯಲಿಲ್ಲ. ಓದುಬರಹ ಬಾರದ ರೈತನ ತಲೆಗೆ ಹೋಗುವಂತೆ ಹೇಳಿದ್ದು ಅವರ ಸಾಧನೆ. ಕಡಲೆಕಾಯಿಯನ್ನು ಆರಿಸಿದ್ದು ಕೂಡ ಹಾಗೆಯೇ: ಹೊಲಕ್ಕೆ ಸಾರಜನಕ, ಮನೆಗೆ ಪೌಷ್ಟಿಕ ಆಹಾರ. ಉಪ್ಪು ಹಂದಿಮಾಂಸ, ಮೆಕ್ಕೆಜೋಳದ ಹಿಟ್ಟು, ಕಾಕಂಬಿ ಈ ಮೂರರಲ್ಲೇ ಕಾಲ ಹಾಕುತ್ತಿದ್ದ ಗೇಣಿದಾರನ ಮನೆಯ ಮಕ್ಕಳಿಗೆ ಅದು ಬೇಕಾಗಿತ್ತು.

ಇದನ್ನೆಲ್ಲ ಅವರು ಕಿರುಹೊತ್ತಗೆಗಳಲ್ಲಿ ಬರೆದರು. 1898ರಿಂದ ಆರಂಭಿಸಿ ನಲವತ್ತಕ್ಕೂ ಹೆಚ್ಚು. ಮೊದಲನೆಯದರ ವಿಷಯ ಓಕ್ ಮರದ ಕಾಯಿಯನ್ನು ದನ, ಹಂದಿಗಳಿಗೆ ಮೇವಾಗಿ ಕೊಡುವುದು. ಕಾಡಿನಲ್ಲಿ ಬಿದ್ದು ಹಾಳಾಗುವ ಕಾಯಿ! 1903ರಲ್ಲಿ ಅಲಸಂದೆ, 1905ರಲ್ಲಿ ಸವೆದ ಮಣ್ಣನ್ನು ಸರಿಪಡಿಸುವ ಬಗೆ, 1910ರಲ್ಲಿ ಗೆಣಸು. 1911ರಲ್ಲಿ ಮೇಕನ್ ಜಿಲ್ಲೆಯ ಬಣ್ಣದ ಜೇಡಿಮಣ್ಣುಗಳಿಂದ ಮನೆಗೆ ಸುಣ್ಣಬಣ್ಣ ಹೊಡೆಯುವ ವಿಧಾನ. ಕೆಮ್ಮಣ್ಣು ಬಳಿದ ಗೋಡೆಗಳ ನಡುವೆ ಬೆಳೆದ ನಮ್ಮ ಹಿರಿಯರು ಇದನ್ನು ಓದಿದ್ದರೆ ನಕ್ಕು ‘ಇದನ್ನೂ ಪುಸ್ತಕ ಬರೆಯಬೇಕೆ’ ಎನ್ನುತ್ತಿದ್ದರು. ಬರೆಯಬೇಕಾಗಿತ್ತು, ಏಕೆಂದರೆ ಬಣ್ಣ ಕಾಣದ ಹಲಗೆ ಗುಡಿಸಲುಗಳಲ್ಲಿ ಜನ ಬದುಕುತ್ತಿದ್ದರು. 1916ರಲ್ಲಿ ಬಂದ ಕಡಲೆಕಾಯಿ ಹೊತ್ತಗೆ ಎಲ್ಲಕ್ಕಿಂತ ಪ್ರಸಿದ್ಧವಾಯಿತು. ಅದರಲ್ಲಿ ಬೆಳೆಯುವ ಕ್ರಮದ ಜೊತೆಗೆ 105 ಬಗೆಯ ಅಡುಗೆಗಳಿವೆ. ರೈತನಿಗೆ, ಶಾಲೆಯ ಉಪಾಧ್ಯಾಯರಿಗೆ, ಅಡುಗೆಮನೆಯ ಹೆಂಗಸಿಗೆ, ಮೂವರಿಗೂ ಉಪಯೋಗವಾಗಬೇಕೆಂಬುದು ಅವರ ನಿಯಮ. ನಮ್ಮಲ್ಲಿ ಇಂದಿಗೂ ಬರುವ ಎಷ್ಟೋ ತಾಂತ್ರಿಕ ಕರಪತ್ರಗಳು ಒಬ್ಬರಿಗೂ ಉಪಯೋಗವಾಗದ ಭಾಷೆಯಲ್ಲಿರುವುದನ್ನು ಈ ಸಂದರ್ಭದಲ್ಲಿ ಹೇಳದೆ ಇರಲಾರೆ.

ಓದಲು ಬಾರದವನಿಗೆ ಹೊತ್ತಗೆಯಿಂದ ಏನು ಪ್ರಯೋಜನ? ಟಸ್ಕೀಗಿಗೆ ಬರಲು ಬಿಡುವಿಲ್ಲದವನಿಗೆ ಸಭೆಯಿಂದ ಏನು ಪ್ರಯೋಜನ? ಹಾಗಾದರೆ ಪಾಠಶಾಲೆಯೇ ಹೊಲಕ್ಕೆ ಹೋಗಲಿ ಎಂದು 1906ರಲ್ಲಿ ಒಂದು ಬಂಡಿ ಹೊರಟಿತು. ಹಣ ಕೊಟ್ಟವರು ನ್ಯೂಯಾರ್ಕಿನ ಮಾರಿಸ್ ಜೆಸಪ್, ಆದ್ದರಿಂದ ಅದು ಜೆಸಪ್ ಬಂಡಿ. ಅದರಲ್ಲಿ ಏನೇನು ಇರಬೇಕೆಂಬ ಯೋಜನೆ ಕಾರ್ವರರದು: ನೇಗಿಲು, ಬೀಜ, ಗೊಬ್ಬರದ ಮಾದರಿ, ಹಾಲು ಪರೀಕ್ಷಿಸುವ ಸಾಧನ, ಬೆಣ್ಣೆ ಕಡೆಯುವ ಯಂತ್ರ. ಹೇಸರಗತ್ತೆ ಕಟ್ಟಿದ ಬಂಡಿ ಒಂದು ಊರಿನಲ್ಲಿ ನಿಲ್ಲುತ್ತದೆ, ಸುತ್ತಲ ರೈತರು ಸೇರುತ್ತಾರೆ, ಅವರಲ್ಲೊಬ್ಬನ ಹೊಲದಲ್ಲಿಯೇ ಉತ್ತು ಬಿತ್ತಿ ತೋರಿಸಲಾಗುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಟಸ್ಕೀಗಿಯಲ್ಲಿ ಕಲಿತ ಥಾಮಸ್ ಕ್ಯಾಂಪ್‌ಬೆಲ್ ಎಂಬ ತರುಣನನ್ನು ಕೇಂದ್ರ ಕೃಷಿ ಇಲಾಖೆ ನೇಮಿಸಿಕೊಂಡು ಈ ಕೆಲಸಕ್ಕೆ ಬಿಟ್ಟಿತು. ಇಲಾಖೆಯ ಮೊದಲ ಕಪ್ಪು ಕೃಷಿ ವಿಸ್ತರಣಾಧಿಕಾರಿ ಅವರು. ಇಡೀ ಅಮೆರಿಕದಲ್ಲಿ ಕೃಷಿ ವಿಸ್ತರಣೆಗೆ ಕಾನೂನಿನ ಆಧಾರ ಒದಗಿಸಿದ ಸ್ಮಿತ್-ಲೀವರ್ ಕಾಯಿದೆ ಬಂದದ್ದು 1914ರಲ್ಲಿ. ಬಂಡಿ ಅದಕ್ಕಿಂತ ಎಂಟು ವರ್ಷ ಮುಂದಿತ್ತು.

ಇಷ್ಟೆಲ್ಲ ಆಯಿತು. ವಿದ್ಯೆ ಹೊಲದ ಬದುವಿಗೇ ಬಂದು ನಿಂತಿತು. ಹಾಗಾದರೆ ಮೇಕನ್ ಜಿಲ್ಲೆಯ ರೈತ ಹತ್ತಿ ಬಿಟ್ಟನೇ?

ಬಹುಮಟ್ಟಿಗೆ ಬಿಡಲಿಲ್ಲ. ಅವನು ದಡ್ಡನಾಗಿದ್ದರಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನ ಸ್ಥಿತಿ ಹೀಗಿತ್ತು. ವರ್ಷದ ಆರಂಭದಲ್ಲಿ ಬೀಜ, ಹಿಟ್ಟು, ಬಟ್ಟೆ ಎಲ್ಲವನ್ನೂ ಅಂಗಡಿಯ ಸಾಹುಕಾರನಿಂದಲೋ ಜಮೀನಿನ ಒಡೆಯನಿಂದಲೋ ಸಾಲವಾಗಿ ತರಬೇಕು. ಆ ಸಾಲಕ್ಕೆ ಅಡವು ಇನ್ನೂ ಬಿತ್ತದ ಬೆಳೆ. ಸಾಹುಕಾರ ಒಪ್ಪುತ್ತಿದ್ದ ಬೆಳೆ ಒಂದೇ, ಹತ್ತಿ. ಹತ್ತಿಯನ್ನು ಯಾವ ದಿನ ಬೇಕಾದರೂ ಮಾರಬಹುದು, ಗೇಣಿದಾರ ಕದ್ದು ತಿನ್ನುವಂತಿಲ್ಲ. ಗೆಣಸನ್ನು, ಅಲಸಂದೆಯನ್ನು ಅಡವಿಟ್ಟುಕೊಳ್ಳುವವರು ಯಾರು? ಕೊಯ್ಲಾದ ಮೇಲೆ ಖಾತೆ ತೆಗೆದು ಲೆಕ್ಕ ಓದುವವನೂ ಸಾಹುಕಾರನೇ. ಹೆಚ್ಚಿನ ವರ್ಷಗಳಲ್ಲಿ ಬಾಕಿ ಉಳಿಯುತ್ತಿತ್ತು. ಬಾಕಿಯ ಜೊತೆಗೆ ಮುಂದಿನ ವರ್ಷ ಮತ್ತೆ ಹತ್ತಿ.

ಇನ್ನೊಂದು ತೊಡಕು ನೆಲದ್ದು. ಕಾರ್ವರರ ಮಾತು ಕೇಳಿ ಐದು ವರ್ಷ ತರಗೆಲೆ ಹೊತ್ತು ಕೊರಕಲು ಮುಚ್ಚಿ ಮಣ್ಣು ಸರಿಮಾಡಿದರೆ ಲಾಭ ಯಾರಿಗೆ? ವರ್ಷ ಮುಗಿದ ಕೂಡಲೇ ಎಬ್ಬಿಸಿ ಕಳಿಸಬಹುದಾದ ಗೇಣಿದಾರ ಆ ಕೆಲಸಕ್ಕೆ ಏಕೆ ಕೈಹಾಕಬೇಕು? 1974ರ ಭೂಸುಧಾರಣಾ ತಿದ್ದುಪಡಿಗೆ ಮುಂಚೆ ಚಾಲಗೇಣಿಯಲ್ಲಿ ದುಡಿದ ಮನೆತನಗಳಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ನೆಲ ತನ್ನದಾದ ಮೇಲೆ ಅದೇ ಕೈಗಳು ಎಷ್ಟು ಸಸಿ ನೆಟ್ಟವೆಂಬುದನ್ನು ನಮ್ಮ ಕಣ್ಣೆದುರಿಗೇ ನೋಡಿದ್ದೇವೆ.

ಕಾರ್ವರರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರ ಇಡೀ ಯೋಜನೆಯ ಒಳಗುಟ್ಟೇ ಅಂಗಡಿಯಿಂದ ತರುವುದನ್ನು ಕಡಿಮೆ ಮಾಡಿಸುವುದು. ಹಿತ್ತಲಲ್ಲಿ ತರಕಾರಿ, ಹಟ್ಟಿಯಲ್ಲಿ ಹಂದಿ, ಒಣಗಿಸಿಟ್ಟ ಕಾಡುಹಣ್ಣು, ಮನೆಯಲ್ಲೇ ಮಾಡಿದ ಗೊಬ್ಬರ ಇದ್ದರೆ ಸಾಲದ ಪಟ್ಟಿ ಅಷ್ಟು ಚಿಕ್ಕದಾಗುತ್ತದೆ, ನಾಲ್ಕು ಕಾಸು ಉಳಿಸಿ ಒಂದು ದಿನ ತುಂಡು ನೆಲ ಕೊಳ್ಳಬಹುದು ಎಂಬ ಲೆಕ್ಕ. ಅಲ್ಪಸ್ವಲ್ಪ ನೆಲ ಸ್ವಂತಕ್ಕೆ ಇದ್ದವರಿಗೆ ಅದು ನಿಜಕ್ಕೂ ನೆರವಾಯಿತು. ಆದರೆ ಸಾಲದ ಕಟ್ಟನ್ನು, ಗೇಣಿಯ ಕಟ್ಟನ್ನು ಬಹಿರಂಗವಾಗಿ ಎದುರಿಸುವ ಮಾತನ್ನು ಅವರು ಆಡಲಿಲ್ಲ. ಆಗಿನ ಅಲಬಾಮಾದಲ್ಲಿ ಕಪ್ಪು ಮನುಷ್ಯ ಆ ಮಾತಾಡಿದರೆ ಫೋರ್ಟ್ ಸ್ಕಾಟ್‌ನಲ್ಲಿ ಆದದ್ದೇ ಆಗುತ್ತಿತ್ತು. ದೂರದಲ್ಲಿ ಕುಳಿತು ಅದನ್ನು ಹೇಡಿತನವೆನ್ನುವವರ ಗುಂಪಿಗೆ ನಾನು ಸೇರಲಾರೆ. ಕೆಲಸ ಅಲ್ಲಿಗೆ ನಿಂತಿತು ಎಂಬುದನ್ನಂತೂ ಒಪ್ಪಿಕೊಳ್ಳಲೇಬೇಕು.

ನಿಂತದ್ದು ವಿದ್ಯೆಯ ಕೊರತೆಯಿಂದಲ್ಲ ಎಂಬುದಕ್ಕೆ ಅದೇ ಅಲಬಾಮಾದಲ್ಲಿ ಒಂದು ಸ್ವಾರಸ್ಯವಾದ ನಿದರ್ಶನವಿದೆ. ಆ ರಾಜ್ಯದ ದಕ್ಷಿಣಕ್ಕೆ ಕಾಫಿ ಎಂಬ ಹೆಸರಿನ ಜಿಲ್ಲೆಯಿದೆ. ನಮ್ಮ ಓದುಗರು ಖುಷಿಪಡುವ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಒಂದು ಕಾಫಿ ಗಿಡವೂ ಇಲ್ಲ, ಜಾನ್ ಕಾಫಿ ಎಂಬ ಸೇನಾಪತಿಯ ಹೆಸರು ಅದು. ಮೆಕ್ಸಿಕೋದಿಂದ 1892ರ ಹೊತ್ತಿಗೆ ಟೆಕ್ಸಾಸ್‌ಗೆ ನುಗ್ಗಿದ್ದ ಹತ್ತಿಕಾಯಿಯ ಮೂತಿಹುಳು ಮುಂದಿನ ಎರಡು ದಶಕಗಳಲ್ಲಿ ಅಲಬಾಮಾ ತಲುಪಿ ಹತ್ತಿಯನ್ನು ಬರಿದು ಮಾಡಿತು. ಆಗ 1916ರಲ್ಲಿ ಆ ಜಿಲ್ಲೆಯ ಎಂಟರ್‌ಪ್ರೈಸ್ ಪಟ್ಟಣದ ಎಚ್. ಎಂ. ಸೆಷನ್ಸ್ ಎಂಬ ವ್ಯಾಪಾರಿ, ಸಾಲದಲ್ಲಿ ಮುಳುಗಿದ್ದ ಒಬ್ಬ ರೈತನಿಗೆ ಬಂಡವಾಳ ಒದಗಿಸಿ ಕಡಲೆಕಾಯಿ ಹಾಕಿಸಿದ. ಬೆಳೆ ಬಂತು, ಸಾಲ ತೀರಿತು. ನೋಡನೋಡುತ್ತ ಇಡೀ ಜಿಲ್ಲೆ ಕಡಲೆಕಾಯಿಗೆ ತಿರುಗಿತು. 1919ರ ಡಿಸೆಂಬರಿನಲ್ಲಿ ಊರಿನವರು ಪೇಟೆಯ ನಡುವೆ ಮೂತಿಹುಳುವಿಗೇ ಒಂದು ಸ್ಮಾರಕ ಕಟ್ಟಿಸಿದರು. ಇಪ್ಪತ್ತು ವರ್ಷಗಳ ಉಪದೇಶ ಮಾಡಲಾಗದ್ದನ್ನು ಎರಡು ಮೂರು ವರ್ಷಗಳಲ್ಲಿ ಮಾಡಿದ್ದು ಏನು? ಹುಳು ಹತ್ತಿಯ ಮೇಲಿನ ಸಾಲಗಾರರ ಭರವಸೆಯನ್ನೇ ತಿಂದುಹಾಕಿತು, ಹಣ ಕೊಡುವವನು ಬೇರೆ ಬೆಳೆಗೆ ಹಣ ಕೊಡಲು ಒಪ್ಪಿದ.

ಕಾರ್ವರರ ಕೀರ್ತಿ ಏರಿದ್ದು ಈ ಕಡಲೆಕಾಯಿ ಹುಯಿಲಿನಲ್ಲಿಯೇ. ಅಗ್ಗದ ವಿದೇಶಿ ಕಡಲೆಕಾಯಿಯ ಆಮದಿಗೆ ಸುಂಕ ಬೇಕೆಂದು ಬೆಳೆಗಾರರ, ವ್ಯಾಪಾರಿಗಳ ಒಕ್ಕೂಟ 1921ರ ಜನವರಿಯಲ್ಲಿ ಅವರನ್ನು ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ನಿಲ್ಲಿಸಿತು. ಕೊಟ್ಟದ್ದು ಹತ್ತು ನಿಮಿಷ. ಆರಂಭದಲ್ಲಿ ಸದಸ್ಯರಿಂದ ಬಣ್ಣ ಹಿಡಿದು ಹಂಗಿಸುವ ಮಾತು. ಕಾರ್ವರ್ ಮುಖ ಸಿಂಡರಿಸದೆ ಒಂದೊಂದೇ ಪದಾರ್ಥ ತೆಗೆದು ತೋರಿಸುತ್ತ ಹೋದ ಹಾಗೆ ಸಮಿತಿ ಕಾಲಾವಕಾಶವನ್ನು ಮತ್ತೆ ಮತ್ತೆ ಹೆಚ್ಚಿಸಿತು. 1922ರ ಸುಂಕ ಕಾಯಿದೆಯಲ್ಲಿ ಕಡಲೆಕಾಯಿಗೆ ರಕ್ಷಣೆ ಸಿಕ್ಕಿತು. ಆಮದು ಸುಂಕದ ಮಹಿಮೆ ಏನೆಂದು ಅಡಿಕೆ ಬೆಳೆಗಾರನಿಗೆ ಬಿಡಿಸಿ ಹೇಳಬೇಕೆ! ಆದರೆ ಗಮನಿಸಿ, ಅಂದು ಅವರು ಮಾತಾಡಿದ್ದು ಒಕ್ಕೂಟದ ಪರವಾಗಿ. ಮೇಕನ್ ಜಿಲ್ಲೆಯ ಗೇಣಿದಾರ ಆ ಕೋಣೆಯಲ್ಲಿ ಇರಲಿಲ್ಲ.

ಅಲ್ಲಿಂದಾಚೆಗೆ ಅವರು ‘ಕಡಲೆಕಾಯಿ ಮಾಂತ್ರಿಕ’ ಆದರು. ಈ ಮಾಂತ್ರಿಕನ ವಿಷಯದಲ್ಲಿ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಕಡಲೆಕಾಯಿ ಬೆಣ್ಣೆ ಅವರ ಆವಿಷ್ಕಾರವಲ್ಲ. ಮಾರ್ಸೆಲಸ್ ಎಡ್ಸನ್ ಎಂಬ ಕೆನಡಾದವರು 1884ರಲ್ಲಿಯೇ ಅದಕ್ಕೆ ಹತ್ತಿರದ ಒಂದಕ್ಕೆ ಹಕ್ಕುಪತ್ರ ಪಡೆದಿದ್ದರು. ಮುನ್ನೂರರ ಪಟ್ಟಿಯಲ್ಲಿ ಅಡುಗೆಯ ಬಗೆಗಳು, ಹಿಂದಿನಿಂದ ಬಳಕೆಯಲ್ಲಿದ್ದವು, ಹೆಸರು ಬದಲಿಸಿ ಎರಡು ಸಲ ಬಂದವು ಎಲ್ಲ ಸೇರಿವೆ. ಅವರು ಪಡೆದ ಹಕ್ಕುಪತ್ರಗಳು 1925 ಮತ್ತು 1927ರ ನಡುವೆ ಮೂರು ಮಾತ್ರ, ಒಂದು ಸೌಂದರ್ಯ ಸಾಧನಕ್ಕೆ, ಎರಡು ಬಣ್ಣಗಳಿಗೆ. ಮೂರರಲ್ಲಿ ಒಂದೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಮಾಡಿದ ಪ್ರಯೋಗಗಳ ವಿಧಾನವನ್ನು ಸರಿಯಾಗಿ ಬರೆದಿಡುವ ಅಭ್ಯಾಸವೂ ಅವರಿಗಿರಲಿಲ್ಲ. ವಿಜ್ಞಾನಿಗೆ ಇದು ದೊಡ್ಡ ಕುಂದು. 1981ರಲ್ಲಿ ಲಿಂಡಾ ಮೆಕ್‌ಮರ್ರಿ ಬರೆದ ಜೀವನಚರಿತ್ರೆ ಈ ಕಥೆ-ವಾಸ್ತವಗಳನ್ನು ಬಿಡಿಸಿಟ್ಟಿದೆ. ಅದನ್ನು ಓದಿದ ಮೇಲೆ ನನಗೆ ಕಾರ್ವರರ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಅದು ಕಡಲೆಕಾಯಿಯಿಂದ ತರಗೆಲೆಯ ಕಡೆಗೆ ಸರಿಯಿತು. ಮಾಂತ್ರಿಕನ ಕಥೆ ಎಲ್ಲರಿಗೂ ಅನುಕೂಲವಾಗಿತ್ತು. ಬಡವನ ಕಷ್ಟಕ್ಕೆ ಹೊಸ ಹೊಸ ಪದಾರ್ಥ ಸಾಕು, ಖಾತೆ ಪುಸ್ತಕ ಮುಟ್ಟುವುದು ಬೇಡ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಕಥೆ ಸಿಗುವುದಿಲ್ಲ.

ಖಾತೆ ಪುಸ್ತಕದ ಬಲ ಎಷ್ಟೆಂಬುದಕ್ಕೆ ಇನ್ನೊಂದು ಸಂಗತಿ. ಏಮ್ಸ್‌ನಲ್ಲಿದ್ದಾಗ ಕಾರ್ವರ್ ಒಬ್ಬ ಪ್ರಾಧ್ಯಾಪಕರ ಪುಟ್ಟ ಮಗನನ್ನು ಕೈಹಿಡಿದು ಗಿಡ ತೋರಿಸುತ್ತ ಹೊಲ ಬಯಲು ಸುತ್ತುತ್ತಿದ್ದರು. ಆ ಹುಡುಗ ಹೆನ್ರಿ ಎ. ವಾಲೆಸ್. ಬೆಳೆದು 1933ರಲ್ಲಿ ದೇಶದ ಕೃಷಿ ಮಂತ್ರಿಯಾದ, ಆಮೇಲೆ ಉಪರಾಷ್ಟ್ರಪತಿಯೂ ಆದ. ಸಸ್ಯಗಳ ಮೇಲಿನ ಪ್ರೀತಿಯನ್ನು ಕಾರ್ವರರಿಂದ ಪಡೆದೆನೆಂದು ಕೊನೆಯವರೆಗೂ ನೆನೆಯುತ್ತಿದ್ದ. ಅದೇ ವಾಲೆಸ್ ಮಂತ್ರಿಯಾಗಿದ್ದಾಗ, ಬೆಲೆ ಏರಲೆಂದು ಹತ್ತಿಯ ವಿಸ್ತೀರ್ಣ ಕಡಿಮೆ ಮಾಡಿದವರಿಗೆ ಸರಕಾರ ಹಣ ಕೊಟ್ಟಿತು. ಚೆಕ್ಕು ಹೋದದ್ದು ಜಮೀನಿನ ಒಡೆಯನ ಕೈಗೆ. ಹತ್ತಿ ಬೇಡವಾದ ಮೇಲೆ ಗೇಣಿದಾರನೂ ಬೇಡವಾದ, ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು. ಗೇಣಿದಾರರ ಪರ ವಾದಿಸಿದ ಇಲಾಖೆಯ ವಕೀಲರನ್ನು 1935ರಲ್ಲಿ ಕೆಲಸದಿಂದ ತೆಗೆಯಲಾಯಿತು. ಕಾರ್ವರರ ಬಂಡಿಯಿಂದ ಪಾಠ ಕಲಿತವರ ಮಕ್ಕಳೂ ಆ ಬೀದಿಯಲ್ಲಿ ಇದ್ದಿರಬೇಕು.

1920ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಮೀರಿ ಕಪ್ಪು ರೈತರಿದ್ದರು. ಈಗ ಐವತ್ತು ಸಾವಿರದ ಆಸುಪಾಸು. ಕೃಷಿ ಇಲಾಖೆಯೇ ಸಾಲ ಮಂಜೂರಾತಿಯಲ್ಲಿ ತಮಗೆ ಭೇದ ಮಾಡುತ್ತ ಬಂದಿದೆ ಎಂದು ಕಪ್ಪು ರೈತರು 1997ರಲ್ಲಿ ಹೂಡಿದ ಪಿಗ್‌ಫೋರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಗಿ, ಸರಕಾರ ನೂರು ಕೋಟಿ ಡಾಲರಿಗಿಂತ ಹೆಚ್ಚು ಪರಿಹಾರ ಕೊಡಬೇಕಾಯಿತು. ಕಾರ್ವರ್ ಸತ್ತು ಅರ್ಧ ಶತಮಾನದ ಮೇಲೆ ಕೂಡ ಜಗಳ ಬೀಜದ್ದಲ್ಲ, ಗೊಬ್ಬರದ್ದಲ್ಲ, ಸಾಲದ್ದು.

ನಮ್ಮ ಸೀಮೆಯ ಇತಿಹಾಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಮರುವರ್ಷ ಟಸ್ಕೀಗಿಯ ಬಂಡಿ ಹೊರಟಿತು. ಅವರಲ್ಲಿ ಬಂಡಿಯಿತ್ತು, ಪತ್ತು ಇರಲಿಲ್ಲ. ನಮಗೆ ಪತ್ತು ಬಂತು. ಬಂಡಿ ಬಂತೇ?

ಇದು ನಮ್ಮ ಸಂಘಗಳನ್ನು ದೂರುವ ಮಾತಲ್ಲ. ಕಾಫಿ, ಅಡಿಕೆ ಎರಡಕ್ಕೂ ಸಂಶೋಧನಾ ಕೇಂದ್ರಗಳಿವೆ, ವಿಜ್ಞಾನಿಗಳಿದ್ದಾರೆ. ಆದರೆ ಅವರು ಹೇಳಿದ್ದು ಒಂದೂವರೆ ಎಕರೆಯ ಸದಸ್ಯನ ತೋಟಕ್ಕೆ ತಲುಪುವುದು ನಿಧಾನ. ತಲುಪಿದರೂ ಸಾಲದ ಕಂತು ಅದಕ್ಕೆ ಹೊಂದುವುದಿಲ್ಲ. ಮಣ್ಣು ಸುಧಾರಿಸಿ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು, ಬೆಳೆಸಾಲ ವರ್ಷಕ್ಕೇ ತೀರಬೇಕು. ಹಾಗಾಗಿ ಆತ ಈ ವರ್ಷವೇ ಇಳುವರಿ ತೋರಿಸುವ ಚೀಲವನ್ನು ಕೊಳ್ಳುತ್ತಾನೆ, ಮಣ್ಣಿನ ಮಾತು ಮುಂದಕ್ಕೆ ಹೋಗುತ್ತದೆ. ಮಹಾಸಭೆಗಳಲ್ಲಿ ನಾವು ಧಾರಣೆ ಕೇಳುತ್ತೇವೆ, ಡಿವಿಡೆಂಡು ಕೇಳುತ್ತೇವೆ. ಸಂಘದಿಂದ ಹೋದ ಸಾಲ ಯಾರ ತೋಟದ ಮಣ್ಣನ್ನು ಎಷ್ಟು ಸರಿಮಾಡಿತೆಂದು ಕೇಳಿದವರನ್ನು ನಾನು ಕಾಣೆ.

ಆದ್ದರಿಂದ ಸದಸ್ಯ ಬಂಧುಗಳ ಮುಂದೆ ಒಂದು ಸೂಚನೆ ಇಡುತ್ತೇನೆ. ಸಂಘದ ವ್ಯಾಪ್ತಿಯ ಪ್ರತಿ ಗ್ರಾಮದಲ್ಲಿ ಒಬ್ಬ ಸಣ್ಣ ಬೆಳೆಗಾರನ ಅರ್ಧ ಎಕರೆ ಆರಿಸೋಣ. ದೊಡ್ಡವರ ತೋಟ ಬೇಡ, ಅಲ್ಲಿ ಎಲ್ಲವೂ ಚೆನ್ನಾಗಿಯೇ ಬರುತ್ತದೆ. ಅಲ್ಲಿ ದರಗು, ಸೊಪ್ಪು, ಮುಚ್ಚುಬೆಳೆ, ಎರೆಗೊಬ್ಬರ ಏನು ಸೂಕ್ತವೋ ಅದನ್ನು ನಾಲ್ಕು ವರ್ಷ ಮಾಡಿಸೋಣ. ಆ ನಾಲ್ಕು ವರ್ಷಕ್ಕೆ ಆತನಿಗೆ ಸಂಘ ಮಧ್ಯಮಾವಧಿ ಸಾಲ ಕೊಡಲಿ, ಕಂತು ಮೂರನೆಯ ವರ್ಷದಿಂದ ಆರಂಭವಾಗಲಿ. ಖರ್ಚು, ಇಳುವರಿ, ನಷ್ಟ ಎಲ್ಲವನ್ನೂ ತೋಟದ ದಣಪೆಯಲ್ಲಿ ಹಲಗೆಯ ಮೇಲೆ ಬರೆದು ಹಾಕಲಿ. ನಷ್ಟವನ್ನೂ ಬರೆಯಬೇಕು, ಈ ವಿಷಯದಲ್ಲಿ ಕಾರ್ವರರ ಅಭ್ಯಾಸ ನಮಗೆ ಬೇಡ. ತೋಟದಲ್ಲಿ ದುಡಿಯುವ ಆಳುಗಳನ್ನೂ ಆ ದಿನ ಕೂರಿಸಿಕೊಳ್ಳಬೇಕು, ಗೊಬ್ಬರ ಹೊರುವವರು ಅವರೇ ಅಲ್ಲವೇ.

ಸಾಲದ ನಿಯಮ ಇದಕ್ಕೆ ಎಡೆಕೊಡುವುದಿಲ್ಲವೆಂದು ಕೆಲವರು ಹೇಳಬಹುದು. ಯಾವ ನಿಯಮ, ಯಾವ ಉಪನಿಯಮ ಅಡ್ಡ ಬರುತ್ತದೆಂಬುದನ್ನು ಅವರು ಬರೆದು ತಿಳಿಸಲಿ. ಉಪನಿಯಮ ತಿದ್ದುವ ಅಧಿಕಾರ ಮಹಾಸಭೆಗೆ ಇದೆ.